ಯುರೋಪಿನ ಹಳೆಯ ಕಾರು: ಯಾವುದು ಎಷ್ಟು ಗಟ್ಟಿ, ಯಾವುದು ಯಾರಿಗೆ

ಕಳೆದ ತಿಂಗಳು ಹಾಸನದಿಂದ ಚಿಕ್ಕಪ್ಪನ ಮಗ ಫೋನು ಮಾಡಿದ. "ಅಣ್ಣ, ಹತ್ತು ವರ್ಷ ಹಳೆಯ ಪೋಲೊ ಒಂದನ್ನು ನೋಡಿದ್ದೇನೆ. ಸ್ವಲ್ಪ ಮೇಲೆ ಹಾಕಿದರೆ ಬಿಎಂಡಬ್ಲ್ಯುವೇ ಸಿಗುತ್ತದೆ. ಇತ್ತ ಫಿಯಟ್ ಲಿನಿಯಾ ಒಂದು ಅರ್ಧ ಬೆಲೆಗೆ ನಿಂತಿದೆ. ಭಾನುವಾರ ಬಿಸಿಲೆ ಘಾಟಿ ಹತ್ತುವ ಹುಚ್ಚು ನನ್ನದು, ಬೆನ್ನು ನೋವು ಅಮ್ಮನದು. ಯುರೋಪಿನ ಕಾರು ಗಟ್ಟಿ ಅನ್ನುತ್ತಾರಲ್ಲ, ಎಷ್ಟು ಗಟ್ಟಿ?"

ಇದೇ ಪ್ರಶ್ನೆಯನ್ನು ಈ ವರ್ಷ ಇನ್ನೂ ನಾಲ್ಕೈದು ಮಂದಿ ಕೇಳಿದ್ದಾರೆ. ಎಲ್ಲರಿಗೂ ಫೋನಿನಲ್ಲಿ ಅರ್ಧ ಗಂಟೆ ಹೇಳುವ ಬದಲು ಒಮ್ಮೆ ಕುಳಿತು ಬರೆದುಬಿಡುವುದು ಲೇಸು ಎನ್ನಿಸಿತು.

ತೊಡಕು ಇರುವುದು 'ಗಟ್ಟಿ' ಎಂಬ ಪದದಲ್ಲೇ. ಕಾರು ಮಾರುವವನು ಬಾಗಿಲನ್ನು ಧಡ್ ಎಂದು ಹಾಕಿ "ಗಟ್ಟಿ ಗಾಡಿ ಸಾರ್" ಎಂದರೆ ಅದು ಹೊಗಳಿಕೆ. ಹಿಂದಿನ ಸೀಟಿನಲ್ಲಿ ಕುಳಿತ ಚಿಕ್ಕಮ್ಮ "ಗಟ್ಟಿಯಪ್ಪಾ ಈ ಗಾಡಿ" ಎಂದರೆ ಅದು ದೂರು. ಘಾಟಿಯ ತಿರುವಿನಲ್ಲಿ ಸ್ಟಿಯರಿಂಗ್ ಹಿಡಿದವನು "ಗಟ್ಟಿಯಾಗಿ ನಿಲ್ಲುತ್ತದೆ" ಎಂದರೆ ಮತ್ತೆ ಹೊಗಳಿಕೆ. ಮೂರೂ ಬೇರೆ ಬೇರೆ ಗುಣಗಳು. ಒಂದು ಇದ್ದ ಕಡೆ ಇನ್ನೊಂದು ಇರಲೇಬೇಕೆಂದಿಲ್ಲ. ಬಾಗಿಲಿನ ಸದ್ದಿಗೂ ಸಸ್ಪೆನ್ಷನ್ನಿಗೂ, ಅಂದರೆ ಚಕ್ರಗಳ ಮೇಲೆ ಕಾರಿನ ಮೈಯನ್ನು ಹೊರುವ ಸ್ಪ್ರಿಂಗು ಶಾಕುಗಳ ಏರ್ಪಾಟಿಗೂ ನೆಂಟಸ್ತಿಕೆಯೇ ಇಲ್ಲ.

ಯುರೋಪಿನ ಕಾರೆಂದರೆ ಮೆತ್ತಗಿನದು ಎಂದು ನಮ್ಮವರು ತಿಳಿದಿದ್ದ ಕಾಲವೂ ಒಂದಿತ್ತು. ಅಂಬಾಸಡರ್ ಮೂಲದಲ್ಲಿ ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್. ಮುಂದೆ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸಲಾಕೆ), ಹಿಂದೆ ಲೀಫ್ ಸ್ಪ್ರಿಂಗ್ (ಒಂದರ ಮೇಲೊಂದು ಜೋಡಿಸಿದ ಉಕ್ಕಿನ ಪಟ್ಟಿಗಳು). ಗುಂಡಿಗಳನ್ನು ಅದು ನುಂಗುತ್ತಿದ್ದ ರೀತಿಯನ್ನು ನೆನೆದು ಈಗಲೂ ನಿಟ್ಟುಸಿರು ಬಿಡುವ ಹಿರಿಯರಿದ್ದಾರೆ. ಅದೇ ಗಾಡಿ ಚಾರ್ಮಾಡಿಯಲ್ಲಿ ತೊಟ್ಟಿಲಿನಂತೆ ವಾಲುತ್ತಿತ್ತು, ಹಿಂದೆ ಕುಳಿತವರು ಕೊಟ್ಟಿಗೆಹಾರದಲ್ಲಿ ಇಳಿದು ನಿಂಬೆಹಣ್ಣು ಹುಡುಕುತ್ತಿದ್ದರು ಎನ್ನುವುದನ್ನು ಅವರು ಅನುಕೂಲಕ್ಕೆ ಮರೆತಿರುತ್ತಾರೆ.

ಮೊದಲು ಅಳತೆಗೋಲು

ಸ್ಪ್ರಿಂಗ್ ಭಾರ ಹೊರುತ್ತದೆ, ಶಾಕ್ ಅಬ್ಸಾರ್ಬರ್ ಕುಣಿತ ನಿಲ್ಲಿಸುತ್ತದೆ. ಬಹಳ ಜನ ಈ ಎರಡನ್ನೂ ಒಂದೇ ಎಂದುಕೊಂಡಿರುತ್ತಾರೆ. ಸ್ಪ್ರಿಂಗ್ ಮೆತ್ತಗಿದ್ದು ಶಾಕ್ ಸರಿಯಾಗಿದ್ದರೆ ಕಾರು ಗುಂಡಿಗೆ ಇಳಿದು, ಒಮ್ಮೆ ಎದ್ದು, ಸುಮ್ಮನಾಗುತ್ತದೆ. ಶಾಕ್ ಸತ್ತಿದ್ದರೆ ಅದೇ ಕಾರು ಎರಡು ಮೂರು ಸಲ ತೂಗುತ್ತದೆ. ಹಳೆಯ ಕಾರನ್ನು ನೋಡಲು ಹೋದವರು ಈ ತೂಗಾಟವನ್ನೇ ಸುಖ ಎಂದು ತಿಳಿದು ಮುಂಗಡ ಕೊಟ್ಟು ಬಂದದ್ದನ್ನು ಕಂಡಿದ್ದೇನೆ. ಅವರು ಕೊಂಡದ್ದು ಸವೆದ ಕಾರನ್ನು, ಮೆತ್ತಗಿನ ಕಾರನ್ನಲ್ಲ.

ಆದ್ದರಿಂದ ನಾನು ಕಾರನ್ನು ಮೂರು ವೇಗಗಳಲ್ಲಿ ಬೇರೆ ಬೇರೆಯಾಗಿ ತೂಗುತ್ತೇನೆ. ಮೊದಲನೆಯದು ಗಂಟೆಗೆ ಇಪ್ಪತ್ತು ಮೂವತ್ತು ಕಿಲೋಮೀಟರಿನ ಬೀದಿ ವೇಗ; ಇಲ್ಲಿ ಎಣಿಕೆಗೆ ಬರುವುದು ಪೆಟ್ಟು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಪುಸ್ತಕದ ಪ್ರಕಾರ ರಸ್ತೆಯ ಹಂಪ್ ಎಂದರೆ 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರ, 25 ಕಿಲೋಮೀಟರ್ ವೇಗದಲ್ಲಿ ದಾಟಬಹುದಾದ ನುಣುಪಾದ ಉಬ್ಬು. ನಮ್ಮ ಬೀದಿಯಲ್ಲಿರುವುದು ಯಾರೋ ಮನೆ ಕಟ್ಟಿಸಿ ಮಿಕ್ಕ ಕಾಂಕ್ರೀಟು. ಅದರ ಮೇಲೆ ಕಾರು ಹೇಗೆ ನಡೆದುಕೊಳ್ಳುತ್ತದೆ ಎಂಬುದೇ ನಿತ್ಯದ ಸುಖ. ಎರಡನೆಯದು ಎಂಬತ್ತರಿಂದ ನೂರರ ಹೆದ್ದಾರಿ ವೇಗ; ಸೇತುವೆಯ ಜೋಡಣೆ, ರಸ್ತೆಯ ಅಲೆಗಳನ್ನು ದಾಟಿದ ಮೇಲೆ ಎಷ್ಟು ಬೇಗ ನೆಲೆಗೆ ಬರುತ್ತದೆ ಎಂಬುದು ಮುಖ್ಯ. ಮೂರನೆಯದು ಘಾಟಿ: ಎಷ್ಟು ವಾಲುತ್ತದೆ, ಮುಂದಿನ ಚಕ್ರಗಳು ಏನು ಮಾಡುತ್ತಿವೆ ಎಂಬುದು ಅಂಗೈಗೆ ತಿಳಿಯುತ್ತದೆಯೆ, ತಿರುವಿನ ನಡುವೆ ಗುಂಡಿ ಬಂದರೆ ಹಿಡಿದ ದಾರಿ ತಪ್ಪುತ್ತದೆಯೆ.

ಇವುಗಳ ಜೊತೆಗೆ ಇನ್ನೆರಡು. ಚಕ್ರಾಂತರ, ಅಂದರೆ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ. ಅದು ಕಡಿಮೆಯಾದಷ್ಟೂ ಹಂಪಿನಲ್ಲಿ ಮೂತಿ ಏಳುವುದು, ಬೆನ್ನು ಎಸೆಯುವುದು ಹೆಚ್ಚು. ಅದನ್ನು ತಿನ್ನುವವರು ಹಿಂದೆ ಕುಳಿತವರು. ಮತ್ತೆ ಟೈರಿನ ಪಕ್ಕದ ಗೋಡೆ. 195/60 ಆರ್15 ಎಂದಿದ್ದರೆ 195 ಮಿ.ಮೀ ಅಗಲ, ಅದರ ನೂರಕ್ಕೆ 60, ಅಂದರೆ 117 ಮಿ.ಮೀ ಎತ್ತರದ ರಬ್ಬರು ರಿಮ್ಮಿಗೂ ರಸ್ತೆಗೂ ನಡುವೆ ಇದೆ. 225/45 ಆರ್17 ಆದರೆ ಅದು 101ಕ್ಕೆ ಇಳಿಯುತ್ತದೆ. ಈ ಒಂದೂವರೆ ಸೆಂಟಿಮೀಟರಿನ ವ್ಯತ್ಯಾಸವನ್ನು ಬೆನ್ನುಮೂಳೆ ಒಂದೇ ಬೀದಿಯಲ್ಲಿ ಪತ್ತೆ ಹಚ್ಚುತ್ತದೆ. ಹಳೆಯ ಕಾರಿಗೆ ಹಿಂದಿನ ಮಾಲೀಕ ಚಂದಕ್ಕೆಂದು ದೊಡ್ಡ ಅಲಾಯ್ ಹಾಕಿಸಿದ್ದರೆ ನೀವು ಪರೀಕ್ಷಿಸುತ್ತಿರುವುದು ಕಂಪನಿ ಮಾಡಿದ ಕಾರನ್ನಲ್ಲ ಎಂದು ತಿಳಿಯಿರಿ.

ನನ್ನ ಸ್ವಂತ ಪರೀಕ್ಷೆಯ ಸಾಧನ ಬಸ್ಸಾರಿನ ಡಬ್ಬಿ. ಹಾಸನದಿಂದ ಹೊರಡುವಾಗಲೆಲ್ಲ ಚಿಕ್ಕಮ್ಮ ಒಂದು ಸ್ಟೀಲಿನ ಡಬ್ಬಿ ತುಂಬಿಸಿ ಕೊಡುತ್ತಾರೆ, ಅದರ ಮುಚ್ಚಳ ಎಂದೂ ಸರಿಯಾಗಿ ಕೂರುವುದಿಲ್ಲ. ಹಿಂದಿನ ಸೀಟಿನ ಕೆಳಗೆ ಇಟ್ಟು ಮೈಸೂರು ಮುಟ್ಟುವಷ್ಟರಲ್ಲಿ ಮ್ಯಾಟಿನ ಮೇಲೆ ಎಷ್ಟು ಚೆಲ್ಲಿದೆ ಎಂಬುದು ಯಾವ ಯಂತ್ರಕ್ಕಿಂತಲೂ ನಂಬಿಕಸ್ಥ ಲೆಕ್ಕ. ನಗಬೇಡಿ. 1948ರಲ್ಲಿ ಹೊರಬಂದ ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಕಾರಿನ ವಿನ್ಯಾಸಕಾರರಿಗೆ ಹಾಕಿದ್ದ ಶರತ್ತೇ ಅದು: ಉತ್ತ ಹೊಲದಲ್ಲಿ ಓಡಿಸಿದರೂ ಬುಟ್ಟಿಯ ಮೊಟ್ಟೆ ಒಡೆಯಬಾರದು.

ಫಿಯಟ್ ಪುಂಟೊ, ಲಿನಿಯಾ

ಇವೆರಡರ ಮೇಲೆ ನನಗೆ ಪಕ್ಷಪಾತವಿದೆ, ಮೊದಲೇ ಹೇಳಿಬಿಡುತ್ತೇನೆ. ಲಿನಿಯಾ 2009ರ ಜನವರಿಯಲ್ಲಿ, ಪುಂಟೊ ಅದೇ ವರ್ಷ ಜೂನಿನಲ್ಲಿ ನಮ್ಮಲ್ಲಿ ಬಂದವು. ಎರಡೂ ಪುಣೆ ಬಳಿಯ ರಂಜನಗಾಂವ್ ಕಾರ್ಖಾನೆಯವು. ಪುಂಟೊದ ಚಕ್ರಾಂತರ 2510 ಮಿ.ಮೀ, ಲಿನಿಯಾದ್ದು 2603.

ಸುಖಕ್ಕೂ ಹಿಡಿತಕ್ಕೂ ಜಗಳವಿಲ್ಲ ಎಂದು ತೋರಿಸಲು ಇದಕ್ಕಿಂತ ಅಗ್ಗದ ಉದಾಹರಣೆ ಇಲ್ಲ. ಬೀದಿಯ ಕಾಂಕ್ರೀಟು ಹಂಪನ್ನು ಲಿನಿಯಾ ಒಂದು ದಪ್ಪ ಸದ್ದಿನೊಂದಿಗೆ ದಾಟುತ್ತದೆ. ಸದ್ದು ಕಿವಿಗೆ ಬರುತ್ತದೆ, ಪೆಟ್ಟು ಸೊಂಟಕ್ಕೆ ಬರುವುದಿಲ್ಲ. ನೂರರ ವೇಗದಲ್ಲಿ ತಗ್ಗು ಸಿಕ್ಕರೆ ಒಮ್ಮೆ ಕುಳಿತು ಎದ್ದು ನಿಲ್ಲುತ್ತದೆ. ಸ್ಟಿಯರಿಂಗ್ ಹೈಡ್ರಾಲಿಕ್. ನಗರದಲ್ಲಿ ಪಾರ್ಕ್ ಮಾಡುವಾಗ ತೋಳಿಗೆ ಕೊಂಚ ಕೆಲಸ, ಆದರೆ ಘಾಟಿಯಲ್ಲಿ ಟೈರು ಡಾಂಬರು ಬಿಟ್ಟು ಜಲ್ಲಿಯ ಮೇಲೆ ಇಟ್ಟ ಹೆಜ್ಜೆ ಅಂಗೈಗೆ ತಿಳಿಯುತ್ತದೆ. ಬಸ್ಸಾರಿನ ಪರೀಕ್ಷೆಯಲ್ಲಿ ಲಿನಿಯಾ ಚೆಲ್ಲಿದ್ದು ಒಂದು ಚಮಚ.

ಇನ್ನು ಬೆಲೆ ತೆರಬೇಕಾದ ಕಡೆಗಳು. 1.2 ಪೆಟ್ರೋಲ್ ಪುಂಟೊ ಏರಿನಲ್ಲಿ ಉಸಿರುಗಟ್ಟುತ್ತದೆ. 1.3 ಮಲ್ಟಿಜೆಟ್ ಡೀಸೆಲ್ ಟರ್ಬೊ ಏಳುವತನಕ ತೂಕಡಿಸುತ್ತದೆ. ತಿರುವಿನ ನಂತರ ಎರಡನೆಯ ಗೇರಿಗೆ ಇಳಿಯಲೇಬೇಕು. ಪೆಡಲುಗಳ ಜಾಗ ಇಕ್ಕಟ್ಟು. ತಿರುಗಿಸಲು ದೊಡ್ಡ ಜಾಗ ಬೇಕು. ಡೀಸೆಲ್ ಎಂಜಿನ್ ಮಾರುತಿ ಸ್ವಿಫ್ಟಿನಲ್ಲಿದ್ದದ್ದೇ ಆದ್ದರಿಂದ ಅದರ ರಿಪೇರಿ ಬಲ್ಲ ಮೆಕ್ಯಾನಿಕ್ ಪ್ರತಿ ತಾಲ್ಲೂಕಿನಲ್ಲೂ ಸಿಗುತ್ತಾನೆ. ಆದರೆ ಕಾರಿನ ಮಾರಾಟ ನಿಂತು ವರ್ಷಗಳಾಗಿವೆ. ಆ ಕಾರ್ಖಾನೆಯಿಂದ ಈಗ ಹೊರಬರುವುದು ಜೀಪ್. ಹೆಡ್‌ಲೈಟು, ಬಂಪರು, ಒಳಗಿನ ಪ್ಲಾಸ್ಟಿಕ್ಕು ಬೇಕೆಂದರೆ ಅಲೆಯಬೇಕು. ಅಲೆಯುವ ತಾಳ್ಮೆ ಇಲ್ಲದವರಿಗೆ ಈ ಕಾರು ಬೇಡ. ತಾಳ್ಮೆ ಇದ್ದವರಿಗೆ, ಕೈಯಲ್ಲಿ ಕಡಿಮೆ ಹಣ ಇರುವವರಿಗೆ, ಇದರ ಎದುರು ನಿಲ್ಲುವ ಮತ್ತೊಂದಿಲ್ಲ. ಎಂಜಿನ್ನಿನಲ್ಲೂ ಜೀವ ಬೇಕೆನ್ನುವವರು ಲಿನಿಯಾದ 1.4 ಟಿ-ಜೆಟ್ ಟರ್ಬೊ ಪೆಟ್ರೋಲ್ ಹುಡುಕಲಿ. ಸಿಗುವುದು ಅಪರೂಪ, ಸಿಕ್ಕರೆ ಹಿಂದಿನ ಮಾಲೀಕ ಅದನ್ನು ಹೇಗೆ ಓಡಿಸಿರಬಹುದೆಂದು ಊಹಿಸಿ ಎರಡು ಪಟ್ಟು ಪರೀಕ್ಷಿಸಲಿ.

ಫೋಕ್ಸ್‌ವ್ಯಾಗನ್ ಪೋಲೊ

2010ರಿಂದ 2022ರವರೆಗೆ ಚಾಕಣದಲ್ಲಿ ತಯಾರಾದ ಕಾರು. ಬಾಗಿಲಿನ ಸದ್ದಿಗೆ ಮನಸೋತು ಕೊಂಡವರೇ ಅರ್ಧ ಜನ ಇರಬೇಕು. ಸಸ್ಪೆನ್ಷನ್ ನಿಧಾನದ ವೇಗದಲ್ಲಿ ಬಿಗಿ. ಬೀದಿಯ ಗುಂಡಿಯ ಅಂಚು ಎಷ್ಟು ಚೂಪು ಎಂಬ ವಿವರ ಸೀಟಿಗೆ ಬರುತ್ತದೆ. ಆದರೆ ವೇಗ ಅರವತ್ತು ದಾಟಿತೆಂದರೆ ಬೇರೆಯೇ ಕಾರು. ಬಿಗಿತವೇ ನೆಮ್ಮದಿಯಾಗಿ ಬದಲಾಗುತ್ತದೆ. ನೆಲಮಂಗಲ ದಾಟಿ ಹಾಸನದ ರಸ್ತೆಗೆ ಬಿದ್ದ ಮೇಲೆ ಪೋಲೊ ತನಗಿಂತ ದೊಡ್ಡ ಕಾರಿನ ಹಾಗೆ ಓಡುತ್ತದೆ. ಜರ್ಮನರ ಕಾರುಗಳೆಲ್ಲ ಹೆಚ್ಚುಕಡಿಮೆ ಇದೇ ಸ್ವಭಾವದವು. ಬಹಳ ಕಡೆ ವೇಗದ ಮಿತಿಯೇ ಇಲ್ಲದ ಆಟೊಬಾನ್ ಹೆದ್ದಾರಿ ಇರುವ ನಾಡಿನವರು ನೂರರ ಮೇಲಿನ ನೆಮ್ಮದಿಗೆ ಮೊದಲು ಅಂಕ ಕೊಡುವುದು ಸಹಜ.

ಟೈರಿನ ಆಯ್ಕೆಯಿಂದ ಇಲ್ಲಿ ಬಹಳ ಬದಲಾಗುತ್ತದೆ. ಕೆಳಗಿನ ದರ್ಜೆಯ ಪೋಲೊಗೆ 175/70 ಆರ್14, ಅಂದರೆ 122 ಮಿ.ಮೀ ಗೋಡೆ. ಮೇಲಿನವುಗಳಿಗೆ 185/60 ಆರ್15, ಅಂದರೆ 111. ಬೆಂಗಳೂರಿನ ಒಳಗೇ ಓಡಿಸುವವರು 14 ಇಂಚಿನದನ್ನು ಕೀಳಾಗಿ ನೋಡಬೇಡಿ. ಹಿಂದಿನ ಸೀಟು ಮಾತ್ರ ಯಾವ ಟೈರು ಹಾಕಿದರೂ ಇಕ್ಕಟ್ಟೇ. ಎತ್ತರದ ಮಗ ಮುಂದೆ ಕುಳಿತರೆ ಹಿಂದೆ ಅಮ್ಮನ ಮೊಣಕಾಲು ಸೀಟಿಗೆ ತಾಗುತ್ತದೆ. ವೆಂಟೊ ಇದೇ ಕಾರಿನ ಉದ್ದದ ರೂಪ, ಆ ಒಂದು ದೂರು ಮಾತ್ರ ಅಲ್ಲಿ ಕಡಿಮೆ.

ಬಿಡಿಭಾಗ ಇನ್ನೂ ಸಿಗುತ್ತವೆ, ಹೊರಗಿನ ಗ್ಯಾರೇಜಿನವರಿಗೂ ಕೈ ಪಳಗಿದೆ. ಜಿಟಿ ಟಿಎಸ್‌ಐ ಮಾದರಿಯ, ತಾನೇ ಗೇರು ಬದಲಿಸುವ, ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ ಗೇರ್‌ಬಾಕ್ಸಿನ ಇತಿಹಾಸವನ್ನು ಕಾಗದದಲ್ಲಿ ನೋಡದೆ ಕೊಳ್ಳಬೇಡಿ. ಅದೊಂದರ ಖರ್ಚು ಸಸ್ಪೆನ್ಷನ್ ಪೂರ್ತಿ ಹೊಸದಾಗಿಸುವ ಖರ್ಚನ್ನು ಮೀರಿಸುತ್ತದೆ.

ಸ್ಕೋಡಾ ಆಕ್ಟೇವಿಯಾ, ಲಾರಾ

ಮೊದಲ ಆಕ್ಟೇವಿಯಾದ 1.9 ಟಿಡಿಐ ಡೀಸೆಲ್ ಎಂಜಿನ್ನನ್ನು ಹೊಗಳುವ ಹಿರಿಯ ಮೆಕ್ಯಾನಿಕ್‌ಗಳ ಗುಂಪೇ ಇದೆ. ಕಾರು ನೋಡಲು ದೊಡ್ಡದು, ಡಿಕ್ಕಿ ಕಲ್ಯಾಣಮಂಟಪದಂಥದ್ದು, ಆದರೆ ಚಕ್ರಾಂತರ 2512 ಮಿ.ಮೀ ಮಾತ್ರ, ಪುಂಟೊಗಿಂತ ಎರಡೇ ಮಿಲಿಮೀಟರ್ ಹೆಚ್ಚು. ಹಿಂದಿನ ಸೀಟಿನಲ್ಲಿ ಕುಳಿತರೆ ಅದು ಗೊತ್ತಾಗುತ್ತದೆ. ಹಿಂದೆ ಸರಳ ಟಾರ್ಷನ್ ಬೀಮ್, ಅಂದರೆ ಎರಡೂ ಚಕ್ರಗಳನ್ನು ಜೋಡಿಸುವ ಒಂದೇ ತೊಲೆ, ಸುತ್ತ ದಪ್ಪ ಗೋಡೆಯ ಟೈರು. ಸದ್ದಿಲ್ಲದ ಸಾಧು ಪ್ರಾಣಿ. ತಿರುವಿನಲ್ಲಿ ರೋಮಾಂಚನವಿಲ್ಲ, ಗಾಬರಿಯೂ ಇಲ್ಲ.

2005ರಲ್ಲಿ ಬಂದ ಲಾರಾ ಎಂಬುದು ಎರಡನೆಯ ತಲೆಮಾರಿನ ಆಕ್ಟೇವಿಯಾವೇ. ಇದರ ಹಿಂದೆ ಮಲ್ಟಿಲಿಂಕ್ ಸಸ್ಪೆನ್ಷನ್, ಅಂದರೆ ಎಡ ಬಲ ಚಕ್ರಗಳು ತಮ್ಮ ತಮ್ಮ ಪಾಡಿಗೆ ಏಳುತ್ತವೆ, ಇಳಿಯುತ್ತವೆ. ಟಾರ್ಷನ್ ಬೀಮ್ ಇರುವ ಕಾರಿನಲ್ಲಿ ಎಡಚಕ್ರ ಗುಂಡಿಗೆ ಬಿದ್ದರೆ ಬಲಚಕ್ರಕ್ಕೂ ಸುದ್ದಿ ಮುಟ್ಟುತ್ತದೆ. ಶಿರಾಡಿಯ ತಿರುವಿನ ನಡುವೆ ಡಾಂಬರು ಕಿತ್ತಿದ್ದರೆ ಲಾರಾ ಹಿಡಿದ ದಾರಿ ಬಿಡದಿರುವುದಕ್ಕೆ ಇದೇ ಕಾರಣ. ತೊಂದರೆ ಏನೆಂದರೆ, ಕೊಂಡಿಗಳು ಹೆಚ್ಚಿದಷ್ಟೂ ಅವುಗಳ ಕೀಲಿನಲ್ಲಿ ಕೂರುವ ರಬ್ಬರಿನ ಬುಷ್‌ಗಳು ಹೆಚ್ಚು, ಬುಷ್ ಹೆಚ್ಚಿದಷ್ಟೂ ಬಿಲ್ಲು ಉದ್ದ. ವರ್ಷಕ್ಕೆ ಇಪ್ಪತ್ತು ಸಾವಿರ ಕಿಲೋಮೀಟರ್ ಹೆದ್ದಾರಿ ಓಡುವವರಿಗೆ ಲಾರಾ ಡೀಸೆಲ್ ಹೇಳಿ ಮಾಡಿಸಿದ ಹಾಗಿದೆ. ಊರೊಳಗಿನ ಓಡಾಟಕ್ಕೆ ಇಷ್ಟು ಕಬ್ಬಿಣ ಬೇಕಿಲ್ಲ.

ರೆನೊ ಡಸ್ಟರ್

ಈ ಪಟ್ಟಿಯಲ್ಲಿ ಇದು ಸೇರಿದ್ದಕ್ಕೆ ಕೆಲವರು ಮುಖ ಸಿಂಡರಿಸಬಹುದು. ಆದರೆ 2012ರ ಡಸ್ಟರ್ ಈಗ ಹಳೆಯ ಕಾರೇ, ರುಮೇನಿಯಾದ ಡಾಚಿಯಾ ಕಂಪನಿಯ ಮೂಲಕ ಬಂದ ಫ್ರೆಂಚ್ ರಕ್ತದ್ದು. ಹಾಳು ರಸ್ತೆಯ ಮೇಲೆ ಇಲ್ಲಿ ಹೇಳಿರುವ ಯಾವ ಕಾರೂ ಇದರ ಹತ್ತಿರ ಬರುವುದಿಲ್ಲ, ಬಿಎಂಡಬ್ಲ್ಯು ಸೇರಿ. 215/65 ಆರ್16 ಟೈರು, 140 ಮಿ.ಮೀ ಗೋಡೆ. ನೆಲದಿಂದ 205 ಮಿ.ಮೀ ಎತ್ತರ. ಸಸ್ಪೆನ್ಷನ್ನಿಗೆ ಮೇಲೆ ಕೆಳಗೆ ಓಡಾಡಲು ಧಾರಾಳ ಜಾಗ. ಸಕಲೇಶಪುರದ ಕಾಫಿ ತೋಟದವರು ಡಸ್ಟರನ್ನು ಮಾರದೆ ಇಟ್ಟುಕೊಂಡಿರುವುದು ಅಭಿಮಾನದಿಂದಲ್ಲ. ಮಳೆಗಾಲದಲ್ಲಿ ಕೊಚ್ಚಿಹೋದ ಎಸ್ಟೇಟ್ ದಾರಿಯಲ್ಲಿ ವೇಗ ತಗ್ಗಿಸದೆ ಹೋಗಬಹುದಾದ ಕಾರುಗಳು ಹೆಚ್ಚಿಲ್ಲ.

ತಿರುವಿನಲ್ಲಿ ವಾಲುತ್ತದೆ, ನಿಜ. ಆದರೆ ಹಠಾತ್ತನೆ ಅಲ್ಲ, ಹೇಳಿ ಕೇಳಿ ವಾಲುತ್ತದೆ, ಆಮೇಲೆ ಹಿಡಿದು ನಿಲ್ಲುತ್ತದೆ. ಗುಂಡಿಯ ಒದೆತ ಸ್ಟಿಯರಿಂಗಿನಲ್ಲಿ ಕೈಗೆ ಬರುತ್ತದೆ. ಒಳಗಿನ ಪ್ಲಾಸ್ಟಿಕ್ ಬಡಕಲು. 2014ರಲ್ಲಿ ಬಂದ ನಾಲ್ಕು ಚಕ್ರ ಚಾಲನೆಯ ಮಾದರಿಗೆ ಹಿಂದೆ ಮಲ್ಟಿಲಿಂಕ್ ಇದೆ, ಸಿಕ್ಕರೆ ಬಿಡಬೇಡಿ.

ಬಿಎಂಡಬ್ಲ್ಯು 3 ಸೀರೀಸ್, ಇ90

ಹೊಸ ಸಣ್ಣ ಕಾರಿನ ಬೆಲೆಗೆ ಬಿಎಂಡಬ್ಲ್ಯು ಎಂಬ ಆಸೆ ಹುಟ್ಟಿಸುವುದು ಸಾಮಾನ್ಯವಾಗಿ ಈ ಇ90; 3 ಸೀರೀಸಿನ ಒಂದು ತಲೆಮಾರಿಗೆ ಕಂಪನಿಯ ಒಳಹೆಸರು ಅದು. ಜಗತ್ತಿಗೆ 2005ರಲ್ಲಿ ಬಂತು, 2007ರಿಂದ ಚೆನ್ನೈ ಬಳಿ ಜೋಡಣೆಯಾಯಿತು. ಹಿಂಚಕ್ರ ಚಾಲನೆ, ಮುಂದೆ ಹಿಂದೆ ಸರಿಸುಮಾರು ಅರ್ಧರ್ಧ ತೂಕ, 2760 ಮಿ.ಮೀ ಚಕ್ರಾಂತರ, ಹಿಂದೆ ಐದು ಕೊಂಡಿಗಳ ಸಸ್ಪೆನ್ಷನ್. ಬಿಸಿಲೆಯಂಥ ರಸ್ತೆಯಲ್ಲಿ ಇದನ್ನು ಓಡಿಸಿದವನಿಗೆ ಉಳಿದ ಕಾರುಗಳೆಲ್ಲ ಕೆಲವು ದಿನ ಸಪ್ಪೆ. ಮುಂದಿನ ಚಕ್ರಗಳಿಗೆ ತಿರುಗಿಸುವ ಕೆಲಸ ಮಾತ್ರ, ಕಾರನ್ನು ತಳ್ಳುವ ಕೆಲಸ ಹಿಂದಿನವುಗಳದ್ದು. ತಿರುವಿನಿಂದ ಹೊರಬರುತ್ತ ವೇಗ ಕೊಟ್ಟರೆ ಸ್ಟಿಯರಿಂಗ್ ಕೈಯಲ್ಲಿ ಕಿತ್ತಾಡುವುದಿಲ್ಲ.

ಹಾಗಿದ್ದರೆ ಹಂಪಿನ ಮೇಲೆ ಇಷ್ಟೊಂದು ಒರಟೇಕೆ? ಬೈಗುಳವೆಲ್ಲ ಸ್ಪ್ರಿಂಗಿಗೆ ಬೀಳುತ್ತದೆ, ತಪ್ಪಿನ ದೊಡ್ಡ ಪಾಲು ಟೈರಿನದು. ಈ ಕಾರಿನೊಂದಿಗೆ ಬಂದದ್ದು ರನ್‌ಫ್ಲಾಟ್ ಟೈರು. ಗಾಳಿ ಪೂರ್ತಿ ಹೋದ ಮೇಲೂ 80 ಕಿ.ಮೀ ವೇಗ ಮೀರದೆ ಸುಮಾರು 80 ಕಿ.ಮೀ ದೂರ ಓಡಬೇಕಾದ್ದರಿಂದ ಅದರ ಪಕ್ಕದ ಗೋಡೆಯನ್ನು ದಪ್ಪ ರಬ್ಬರಿನಿಂದ ಬಲಪಡಿಸಿರುತ್ತಾರೆ. ಗಾಳಿಯಿಲ್ಲದೆಯೇ ಕಾರನ್ನು ಹೊರಬಲ್ಲ ಗೋಡೆ, ಗಾಳಿ ಇದ್ದಾಗ ಬಾಗುವುದಾದರೂ ಹೇಗೆ? ಇ90ಯಲ್ಲಿ ಅದನ್ನು ಕಿತ್ತು ಅದೇ ಅಳತೆಯ ಸಾಮಾನ್ಯ ಟೈರು ಹಾಕಿಸಿದ ದಿನ ಕಾರು ಬದಲಾಯಿಸಿದಷ್ಟು ವ್ಯತ್ಯಾಸ. ಆದರೆ ಈ ಕಾರಿನಲ್ಲಿ ಸ್ಟೆಪ್ನಿ ಇಡುವ ಗುಳಿಯೇ ಇಲ್ಲ. ಸಾಮಾನ್ಯ ಟೈರು ಹಾಕಿದ ಮೇಲೆ ಡಿಕ್ಕಿಯಲ್ಲಿ ಒಂದು ಚಕ್ರವನ್ನು ಕಟ್ಟಿಕೊಂಡು ತಿರುಗಬೇಕು, ಅಥವಾ ಪಂಕ್ಚರ್ ಕಿಟ್ಟು, ಗಾಳಿ ಪಂಪು, ದೇವರು ಈ ಮೂವರನ್ನು ನಂಬಬೇಕು.

ಮುಂಭಾಗದ ಒಂದು ಜೊತೆ ತೋಳುಗಳ ಬುಷ್ ಒಳಗೆ ಎಣ್ಣೆ ತುಂಬಿರುತ್ತದೆ. ಅದು ಒಡೆದರೆ ಹೆದ್ದಾರಿಯಲ್ಲಿ ಬ್ರೇಕ್ ಒತ್ತಿದಾಗ ಸ್ಟಿಯರಿಂಗ್ ನಡುಗುತ್ತದೆ. ಮಾರುವವನು "ಡಿಸ್ಕ್ ಸ್ವಲ್ಪ ಸೊಟ್ಟ ಇರಬಹುದು" ಎನ್ನುತ್ತಾನೆ. ಇರಬಹುದು, ಇಲ್ಲದೆಯೂ ಇರಬಹುದು. ಲಿಫ್ಟಿಗೆ ಏರಿಸಿ ನೋಡದೆ ಒಪ್ಪಬೇಡಿ. ಕೊಳ್ಳುವ ಬೆಲೆಯ ಕಾಲು ಭಾಗದಷ್ಟು ಹಣವನ್ನು ಮೊದಲ ವರ್ಷಕ್ಕೆಂದು ಬೇರೆ ಎತ್ತಿಡಲಾಗದವರು ಈ ಕಾರಿನ ಫೋಟೊ ನೋಡಿ ಸಂತೋಷಪಡುವುದು ಮೇಲು.

ಮರ್ಸಿಡೀಸ್: ಒಂದು ಹಳೆಯದು, ಒಂದು ಬಹಳ ಹಳೆಯದು

2008ರಲ್ಲಿ ನಮ್ಮಲ್ಲಿಗೆ ಬಂದ ಡಬ್ಲ್ಯು204 ಸಿ-ಕ್ಲಾಸಿನ ಚಕ್ರಾಂತರ ಇ90ಯಷ್ಟೇ, 2760. ಸ್ವಭಾವ ಬೇರೆ. ಇದರ ಶಾಕ್ ಅಬ್ಸಾರ್ಬರಿನೊಳಗೆ ಒಂದು ಉಪಾಯವಿದೆ: ಚಕ್ರದ ಚಲನೆ ಸಣ್ಣದಿದ್ದಾಗ ಎಣ್ಣೆಗೆ ಪಕ್ಕದ ದಾರಿ ತೆರೆದಿರುತ್ತದೆ, ಶಾಕ್ ಮೆತ್ತಗೆ, ತಿರುವಿನಲ್ಲೋ ದೊಡ್ಡ ತಗ್ಗಿನಲ್ಲೋ ಚಲನೆ ಹಿರಿದಾದಾಗ ಆ ದಾರಿ ಮುಚ್ಚುತ್ತದೆ, ಶಾಕ್ ಬಿಗಿ. ಒತ್ತುವ ಬಟನ್ನು, ಎಲೆಕ್ಟ್ರಾನಿಕ್ಸ್ ಯಾವುದೂ ಇಲ್ಲ, ಕೆಡುವುದಕ್ಕೂ ಹೆಚ್ಚೇನಿಲ್ಲ. ಹೆಂಡತಿ ಮಕ್ಕಳು ಹಿರಿಯರು ಎಲ್ಲರೂ ಕೂರುವ ಕಾರು, ಬಜೆಟ್ ಇ90ಯಷ್ಟೇ ಎಂದಾದರೆ ನಾನು ಕಣ್ಣು ಮುಚ್ಚಿ ಸಿ-ಕ್ಲಾಸ್ ಎನ್ನುತ್ತೇನೆ. ಒಬ್ಬನೇ ಓಡಾಡುವವನಿಗೆ ಇ90.

ಡಬ್ಲ್ಯು124 ಎಂಬ ಹಳೆಯ ಇ-ಕ್ಲಾಸ್ ಬೇರೆ ಜಾತಿ. 1995ರಲ್ಲಿ ಪುಣೆಯಲ್ಲಿ ಜೋಡಣೆಯಾದ, ಭಾರತದಲ್ಲೇ ತಯಾರಾದ ಮೊದಲ ಮರ್ಸಿಡೀಸ್ ಕಾರು. ಸ್ಪ್ರಿಂಗ್ ಮೆತ್ತಗೆ, ಚಕ್ರಕ್ಕೆ ಏರಿಳಿಯಲು ಉದ್ದನೆಯ ಹಾದಿ, ಹಿಂದೆ ಐದು ಕೊಂಡಿಗಳು, 2800 ಮಿ.ಮೀ ಚಕ್ರಾಂತರ. ಸ್ಟಿಯರಿಂಗ್ ಮಾತ್ರ ಹಳೆಯ ರೀಸರ್ಕ್ಯುಲೇಟಿಂಗ್ ಬಾಲ್ ಬಗೆಯದು, ನಟ್ಟನಡುವೆ ಕೊಂಚ ಸಡಿಲ, ಅವಸರದವರಿಗೆ ಒಗ್ಗುವುದಿಲ್ಲ. ಇದು ನಿತ್ಯದ ಕಾರಲ್ಲ, ಸಾಕಣೆ. ಹದಿನೈದು ವರ್ಷ ತುಂಬಿದ ಯಾವುದೇ ಕಾರಿನಂತೆ ಇದಕ್ಕೂ ಆರ್‌ಟಿಒ ತಪಾಸಣೆ, ಐದು ವರ್ಷಕ್ಕೊಮ್ಮೆ ನೋಂದಣಿ ನವೀಕರಣ, ಹಸಿರು ತೆರಿಗೆ ಇದ್ದೇ ಇವೆ.

ಮಾದರಿಗಿಂತ ಮುಖ್ಯ, ಇಂದಿನ ಸ್ಥಿತಿ

ಮೇಲೆ ಬರೆದದ್ದೆಲ್ಲ ಸುಸ್ಥಿತಿಯಲ್ಲಿರುವ ಕಾರುಗಳ ಮಾತು. ಸವೆದ ಸಿ-ಕ್ಲಾಸಿಗಿಂತ ಚೆನ್ನಾಗಿ ನೋಡಿಕೊಂಡ ಪುಂಟೊ ಎಲ್ಲ ಅಳತೆಯಲ್ಲೂ ಮೇಲು. ರಬ್ಬರು ಓಡಿದರೆ ಮಾತ್ರ ಸವೆಯುತ್ತದೆ ಎಂದಲ್ಲ, ನಿಂತರೂ ಬಿರಿಯುತ್ತದೆ. "ಬರೀ ಮೂವತ್ತು ಸಾವಿರ ಓಡಿದೆ" ಎಂಬ ಹನ್ನೆರಡು ವರ್ಷದ ಕಾರಿನ ಬುಷ್‌ಗಳು ಒಣಗಿದ ತೆಂಗಿನ ಚಿಪ್ಪಿನಂತೆ ಇರಬಹುದು.

ಟೈರಿನ ಪಕ್ಕದಲ್ಲಿ ನಾಲ್ಕಂಕಿಯ ಗುರುತು ಹುಡುಕಿ. 2318 ಎಂದಿದ್ದರೆ 2018ರ 23ನೆಯ ವಾರದಲ್ಲಿ ಮಾಡಿದ ಟೈರು. ಗೀರು ಎಷ್ಟೇ ಆಳವಿದ್ದರೂ ಆ ರಬ್ಬರು ಕಲ್ಲಾಗಿರುತ್ತದೆ. ಬಗ್ಗಿ ಕಾಯಿಲ್ ಸ್ಪ್ರಿಂಗಿನ ಸುತ್ತುಗಳ ನಡುವೆ ನೋಡಿ. ನೆಲಕ್ಕೆ ತಾಗಬಾರದೆಂದು ಅಲ್ಲಿ ರಬ್ಬರ್ ಬಫರ್ ತುರುಕಿಸಿರುವುದು ನಮ್ಮಲ್ಲಿ ಬಹಳ. ಅದರಿಂದ ಎತ್ತರ ಏರುತ್ತದೆ, ಸ್ಪ್ರಿಂಗಿನ ಕೆಲಸ ಅರ್ಧ ನಿಲ್ಲುತ್ತದೆ. ಕಿತ್ತು ಹಾಕಿದರೆ ಎಷ್ಟೋ ಕಾರುಗಳು ಮೊದಲಿನ ಗುಣಕ್ಕೆ ಮರಳುತ್ತವೆ.

ಗಾಳಿಯ ಒತ್ತಡದ ವಿಷಯದಲ್ಲಿ ನಾನೇ ಮೂರ್ಖನಾದದ್ದುಂಟು. ಒಮ್ಮೆ ನನ್ನ ಕಾರು ಇದ್ದಕ್ಕಿದ್ದಂತೆ ಎತ್ತಿನ ಗಾಡಿಯಾಯಿತು. ನಾಲ್ಕೂ ಶಾಕ್ ಬದಲಾಯಿಸಬೇಕೆಂದು ನಿರ್ಧರಿಸಿ, ಹಣವನ್ನೂ ಹೊಂದಿಸಿಕೊಂಡು ಪರಿಚಯದ ಮೆಕ್ಯಾನಿಕ್ ಬಳಿ ಹೋದೆ. ಆತ ಬಾನೆಟ್ಟನ್ನೂ ತೆರೆಯಲಿಲ್ಲ, ಕಾರಿನ ಸುತ್ತ ಒಂದು ಸುತ್ತು ಬಂದು ಟೈರಿಗೆ ಹೆಬ್ಬೆರಳು ಒತ್ತಿ ನೋಡಿದ, ಗೇಜು ಹಚ್ಚಿದ. 44 ಪಿಎಸ್‌ಐ. ಹಿಂದಿನ ವಾರ ಪಂಕ್ಚರ್ ಅಂಗಡಿಯ ಹುಡುಗ "ಹೈವೇಗೆ ಹೋಗುತ್ತೀರಲ್ಲ ಸಾರ್, ಜಾಸ್ತಿ ಇರಲಿ" ಎಂದದ್ದು ಆಗ ನೆನಪಾಯಿತು. 32ಕ್ಕೆ ಇಳಿಸಿದ, ಕಾಫಿ ಕುಡಿಸಿದ, ಹಣ ತೆಗೆದುಕೊಳ್ಳಲಿಲ್ಲ. ಸರಿಯಾದ ಅಂಕಿ ಚಾಲಕನ ಬಾಗಿಲಿನ ಕಂಬದ ಮೇಲೋ ಇಂಧನದ ಮುಚ್ಚಳದ ಒಳಗೋ ಬರೆದಿರುತ್ತದೆ. ಪರೀಕ್ಷೆಗೆ ಹೊರಡುವ ಮೊದಲು ಗಾಳಿ ನೋಡಿಸಿ, ಆಮೇಲೆ ಗಟ್ಟಿ ಮೆತ್ತಗೆ ಮಾತಾಡಿ.

ಓಡಿಸುವಾಗ ರೇಡಿಯೊ ಬೇಡ, ಎಸಿ ಬೇಡ, ಮಾರುವವನ ಮಾತೂ ಬೇಡ. ಸಣ್ಣ ಏರಿಳಿತದಲ್ಲಿ ಟಕ್ ಟಕ್ ಎಂದರೆ ಬಹುಶಃ ಲಿಂಕ್ ರಾಡ್ ಎಂಬ ಸಣ್ಣ ಜೋಡಣೆಯ ಸರಳು, ಅಗ್ಗದ ಕೆಲಸ. ಹಂಪು ಇಳಿದ ಮೇಲೆ ಧಡ್ ಎಂದರೆ ಸ್ಟ್ರಟ್ ಮೌಂಟ್ (ಶಾಕಿನ ತಲೆಯನ್ನು ಕಾರಿನ ಮೈಗೆ ಹಿಡಿಸುವ ರಬ್ಬರು) ಅಥವಾ ಶಾಕ್. ಹಳೆಯ ಮಂಚದ ಹಾಗೆ ಕಿರ್ರೆಂದರೆ ಒಣಗಿದ ಬುಷ್. ಕೊಂಡ ಮೇಲೆ ಖರ್ಚು ಮಾಡುವ ಕ್ರಮವೂ ಹೀಗೆಯೇ ಇರಲಿ: ಮೊದಲು ಗಾಳಿ, ಟೈರು, ಆಮೇಲೆ ಲಿಂಕ್ ರಾಡ್, ಬುಷ್, ಕೊನೆಗೆ ಶಾಕ್, ಅದೂ ಜೋಡಿಯಾಗಿ. ಬುಷ್ ಬದಲಾದ ಮೇಲೆ ಚಕ್ರಗಳ ಅಲೈನ್‌ಮೆಂಟ್ ಮಾಡಿಸದೆ ಗ್ಯಾರೇಜು ಬಿಡಬೇಡಿ.

ಹಾಗಾದರೆ ಯಾರಿಗೆ ಯಾವುದು

ದಿನವೂ ಬೆಂಗಳೂರಿನ ಬೀದಿ, ತಿಂಗಳಿಗೊಮ್ಮೆ ಊರು, ಮನೆಯಲ್ಲಿ ಇಬ್ಬರೇ ಎಂದರೆ 14 ಇಂಚಿನ ಟೈರಿನ ಪೋಲೊ. ಹೆದ್ದಾರಿಯೇ ಬದುಕಾದವರಿಗೆ ಲಾರಾ. ಡಾಂಬರು ಕಾಣದ ದಾರಿ ದಿನಕ್ಕೆ ಹತ್ತು ಕಿಲೋಮೀಟರ್ ಇದ್ದರೆ ಡಸ್ಟರ್, ಬೇರೆ ಯೋಚನೆಯೇ ಬೇಡ. ಹಣವಿದೆ, ಮನೆಮಂದಿಯೆಲ್ಲ ಕೂರಬೇಕು ಎಂದರೆ ಡಬ್ಲ್ಯು204. ಹಣವಿದೆ, ಇನ್ನೊಂದು ಕಾರೂ ಇದೆ, ಘಾಟಿಯ ಹುಚ್ಚಿದೆ ಎಂದರೆ ಸಾಮಾನ್ಯ ಟೈರು ಹಾಕಿದ ಇ90. ಹಣ ಕಡಿಮೆ, ಘಾಟಿಯೂ ಬೇಕು, ಅಮ್ಮನ ಬೆನ್ನೂ ಉಳಿಯಬೇಕು ಎಂದರೆ ಲಿನಿಯಾ, ಜೊತೆಗೆ ಬಿಡಿಭಾಗ ಹುಡುಕುವ ತಾಳ್ಮೆ.

ಚಿಕ್ಕಪ್ಪನ ಮಗನಿಗೆ ಇದನ್ನೆಲ್ಲ ಹೇಳಿ, ಕೊನೆಗೆ ಒಂದು ಕೆಲಸ ಒಪ್ಪಿಸಿದೆ: ಮೂರು ಕಾರಿನಲ್ಲೂ ಅಮ್ಮನನ್ನು ಹಿಂದೆ ಕೂರಿಸಿಕೊಂಡು, ಗಾಳಿ ಸರಿಮಾಡಿಸಿ, ಒಂದೇ ದಾರಿಯಲ್ಲಿ ಹೋಗಿ ಬಾ. ಹೋಗಿ ಬಂದ. ಪೋಲೊ ಇಳಿದ ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರಂತೆ. ಬಿಎಂಡಬ್ಲ್ಯುವಿಗೆ ಹತ್ತುವುದೇ ಕಷ್ಟವಾಯಿತು, ಬಾವಿಗೆ ಇಳಿದ ಹಾಗಿದೆ ಎಂದರು. ಅದರ ಟೈರು ಇನ್ನೂ ರನ್‌ಫ್ಲಾಟೇ, ಮೊದಲ ಹಂಪಿನಲ್ಲೇ "ಮನೆಗೆ ಹೋಗೋಣ" ಎಂದರು. ಲಿನಿಯಾದಲ್ಲಿ ದಾರಿಯುದ್ದಕ್ಕೂ ಯಾರದೋ ಮದುವೆಯ ಮಾತಾಡಿ, ಇಳಿದು, ಒಂದು ಸುತ್ತು ಬಂದು ನೋಡಿ, "ಈ ಬಣ್ಣ ಚೆನ್ನಾಗಿಲ್ಲ" ಎಂದರು. ಬೆನ್ನಿನ ಸುದ್ದಿಯೇ ಬರಲಿಲ್ಲ. ಮರುದಿನ ಅವನು ಮುಂಗಡ ಕೊಟ್ಟು, ಲಿಂಕ್ ರಾಡಿಗೂ ಮುಂದಿನ ಬುಷ್‌ಗಳಿಗೂ ಪುಣೆಗೆ ಆರ್ಡರ್ ಹಾಕಿದ.